ಬೀಗದ ಮನೆಯವರೆಗೆ ಒಂದು ಭಾನುವಾರ

ಗಲ್ಫಿನಲ್ಲಿ ನಮ್ಮಲ್ಲಿ ಹೆಚ್ಚಿನವರಿಗೆ ವಾರಕ್ಕೆ ಒಂದೇ ರಜೆ. ಆ ಒಂದು ದಿನದಲ್ಲಿ ಬಟ್ಟೆ ಒಗೆಯಬೇಕು, ವಾರದ ಸಾಮಾನು ತರಬೇಕು, ಕೂದಲು ಕತ್ತರಿಸಿಕೊಳ್ಳಬೇಕು, ಊರಿಗೆ ವಿಡಿಯೊ ಕಾಲ್ ಮಾಡಬೇಕು. ಇಷ್ಟೆಲ್ಲ ಮುಗಿದ ಮೇಲೆ ಏನಾದರೂ ಉಳಿದರೆ ಅದು ನಿದ್ದೆಗೆ ಮೀಸಲು. ಹಾಗಾಗಿ ‘ಒಮ್ಮೆ ಬೆಟ್ಟಕ್ಕೆ ಹೋಗೋಣ’ ಎಂಬ ಮಾತು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ನವೆಂಬರಿನಲ್ಲಿ ಹುಟ್ಟಿ, ಫೆಬ್ರವರಿಯ ಹೊತ್ತಿಗೆ ಸದ್ದಿಲ್ಲದೆ ಸಾಯುತ್ತಿತ್ತು. ಮಾರ್ಚ್ ಬಂದರೆ ಬಿಸಿಲು. ಮತ್ತೆ ಮುಂದಿನ ಚಳಿಗಾಲದ ಮಾತು.

ಈ ಸಲ ಹಾಗಾಗಲಿಲ್ಲ. ಅದಕ್ಕೆ ಕಾರಣ ಪುತ್ತೂರಿನ ಅಣ್ಣ. ಇಪ್ಪತ್ತಾರು ವರ್ಷ ಶಾರ್ಜಾದ ಕಟ್ಟಡ ಕಂಪನಿಯೊಂದರ ಸ್ಟೋರಿನಲ್ಲಿ ದುಡಿದವರು ಮಾರ್ಚಿನಲ್ಲಿ ವೀಸಾ ರದ್ದು ಮಾಡಿಸಿ ಊರಿಗೆ ಹೊರಟಿದ್ದರು. ಬೀಳ್ಕೊಡುಗೆಗೆ ಯಾವ ಹೋಟೆಲಿನಲ್ಲಿ ಊಟ ಇಡೋಣ ಎಂದು ಕೇಳಿದಾಗ ಅವರು ಹೇಳಿದ್ದು ಇಷ್ಟೇ: “ಊಟ ಎಲ್ಲಿಯಾದರೂ ಮಾಡ್ಬಹುದು ಮಾರಾಯ. ಇಷ್ಟು ವರ್ಷ ಇದ್ದು ಈ ದೇಶದ ಗುಡ್ಡ ನಾನು ನೋಡಿದ್ದು ಲಾರಿಯಲ್ಲಿ ಬಂದ ಜಲ್ಲಿಯಲ್ಲಿ ಮಾತ್ರ. ಒಮ್ಮೆ ಅದು ನಿಂತಲ್ಲಿಗೇ ಹೋಗಿ ನೋಡ್ಬೇಕು.”

ಆ ಮಾತಿಗೆ ಗುಂಪಿನಲ್ಲಿ ಯಾರೂ ನಗುವ ಚಿತ್ರ ಹಾಕಲಿಲ್ಲ. ಜನವರಿಯ ಒಂದು ಭಾನುವಾರ ಗೊತ್ತಾಯಿತು.

ಏಳು ಮಂದಿ, ಒಂದು ಗಾಡಿ

ಬೆಳಗಿನ ಜಾವ ನಾಲ್ಕೂ ಮುಕ್ಕಾಲಕ್ಕೆ ಶಾರ್ಜಾದ ರೋಲಾ ಬಳಿ ಸೇರಿದೆವು. ಗಾಡಿ ಭಟ್ಕಳದ ಭಾಯಿಯದು, ಓಡಿಸುವವರೂ ಅವರೇ. ವಾರವಿಡೀ ಶಾಲಾ ಬಸ್ಸು ಓಡಿಸುವವರಿಗೆ ಭಾನುವಾರವೂ ಸ್ಟಿಯರಿಂಗ್ ಕೊಟ್ಟೆವಲ್ಲ ಎಂದು ನಮಗೆ ಸಂಕೋಚ. “ಬಸ್ಸಿನಲ್ಲಿ ಅರವತ್ತು ಮಕ್ಕಳು ಕಿರುಚ್ತಾರೆ, ಇಲ್ಲಿ ನೀವು ಆರೇ ಜನ” ಎಂದು ಅವರು ಸಮಾಧಾನ ಮಾಡಿದರು. ಶಿವಮೊಗ್ಗದ ಸಿಸ್ಟರ್ ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದರು; ಜೊತೆಗೆ ಟೈಪಿಂಗ್ ಸೆಂಟರಿನಲ್ಲಿ ಕೆಲಸ ಮಾಡುವ, ಚಿಕ್ಕಮಗಳೂರಿನವರಾದ ಅವರ ಯಜಮಾನರು. ಧಾರವಾಡದ ಎಲೆಕ್ಟ್ರಿಷಿಯನ್, ರೆಡಿಮಿಕ್ಸ್ ಕಾಂಕ್ರೀಟ್ ಘಟಕದಲ್ಲಿರುವ ಮಂಡ್ಯದ ಹುಡುಗ, ಪುತ್ತೂರಿನ ಅಣ್ಣ, ಮತ್ತೆ ಇದನ್ನು ಬರೆಯುತ್ತಿರುವವರು ಸೇರಿ ಏಳು.

ಡಿಕ್ಕಿಯಲ್ಲಿ ಇಪ್ಪತ್ತು ಲೀಟರ್ ನೀರು, ಬಾಳೆಹಣ್ಣು, ಖರ್ಜೂರ, ಒಂದು ದೊಡ್ಡ ಡಬ್ಬಿ ಚಿತ್ರಾನ್ನ, ಇನ್ನೊಂದರಲ್ಲಿ ಮೊಸರನ್ನ, ಧಾರವಾಡದವರು ತಂದ ಶೇಂಗಾ ಚಟ್ನಿ, ಎರಡು ಫ್ಲಾಸ್ಕ್ ಚಹಾ. ಹೊರಡುವ ಮೊದಲು ಎಲ್ಲರೂ ಒಂದು ಒಪ್ಪಂದಕ್ಕೆ ಬಂದೆವು. ನಡಿಗೆ ಎಲ್ಲಿಗೇ ತಲುಪಿರಲಿ, ಹತ್ತೂವರೆ ಆದೊಡನೆ ಹಿಂದಿರುಗಬೇಕು. ಯಾರೊಬ್ಬರು ‘ಸಾಕು’ ಎಂದರೂ ಎಲ್ಲರೂ ಹಿಂದಿರುಗಬೇಕು. ಈ ನಿಯಮ ನಮಗೆ ಹೇಗೆ ಬಂತು ಎಂಬುದನ್ನು ಮುಂದೆ ಹೇಳುತ್ತೇವೆ.

ಸುಣ್ಣಕಲ್ಲಿನ ದಾರಿ

ಶೇಖ್ ಮೊಹಮ್ಮದ್ ಬಿನ್ ಜಾಯೆದ್ ರಸ್ತೆ, ಅಂದರೆ ನಮ್ಮೆಲ್ಲರ ಬಾಯಲ್ಲಿ ‘ತ್ರೀ ಇಲೆವೆನ್’, ರಾಸ್ ಅಲ್ ಖೈಮಾದವರೆಗೆ ಒಂದೇ ನೇರ. ಅಜ್ಮಾನ್, ಉಮ್ಮ್ ಅಲ್ ಕ್ವೈನ್ ದಾಟಿದ ಮೇಲೆ ದೀಪಗಳು ಕಡಿಮೆಯಾದವು. ಪೆಟ್ರೋಲ್ ಬಂಕಿನ ಮಸೀದಿಯಲ್ಲಿ ಭಾಯಿ ಫಜ್ರ್ ನಮಾಜ್ ಮುಗಿಸಿ ಬರುವಷ್ಟರಲ್ಲಿ ನಾವು ಟ್ಯಾಂಕ್ ತುಂಬಿಸಿ ಮೊದಲ ಸುತ್ತಿನ ಚಹಾ ಕುಡಿದಿದ್ದೆವು. ಬೆಟ್ಟದ ಮೇಲೆ ಪೆಟ್ರೋಲ್ ಸಿಗುತ್ತದೆಂದು ನಂಬಿ ಹೋಗಬಾರದು, ಕೆಳಗೇ ತುಂಬಿಸಿಕೊಳ್ಳಬೇಕು.

ಊರು ದಾಟಿ ಕಂದು ಬಣ್ಣದ ‘ಜೆಬೆಲ್ ಜೈಸ್’ ಫಲಕಗಳನ್ನು ಹಿಡಿದು ಹೊರಟಾಗ ಎದುರಿಗೆ ಕಪ್ಪು ಗೋಡೆಯಂತೆ ಬೆಟ್ಟದ ಸಾಲು ನಿಂತಿತ್ತು. ಇದು ಹಜರ್ ಪರ್ವತ. ಅರಬ್ಬಿಯಲ್ಲಿ ಹಜರ್ ಎಂದರೆ ಕಲ್ಲು. ಮುಸಂದಮ್‌ನಿಂದ ಹಿಡಿದು ಒಮಾನಿನ ಪೂರ್ವದ ತುದಿಯವರೆಗೆ ಸುಮಾರು 700 ಕಿಲೋಮೀಟರ್ ಹಬ್ಬಿದ ಸಾಲಿಗೆ ಇದಕ್ಕಿಂತ ಸರಿಯಾದ ಹೆಸರು ಇನ್ನೊಂದಿಲ್ಲ. ಬೆಳಕು ಹರಿಯುತ್ತಿದ್ದಂತೆ ಕಪ್ಪು ಬೂದಿಯಾಯಿತು, ಬೂದಿ ತಿಳಿ ಕಂದಾಯಿತು. “ಏನ್ರೀ ಇದು, ಹಲ್ಲು ಚುಚ್ಚಾಕ ಒಂದು ಹಸಿರು ಕಡ್ಡಿ ಇಲ್ಲಲ್ರೀ” ಎಂದರು ಧಾರವಾಡದವರು.

ಕಡ್ಡಿ ಇಲ್ಲ, ನಿಜ. ಆದರೆ ಕಲ್ಲಿನಲ್ಲಿ ಕಡಲಿದೆ. ರಾಸ್ ಅಲ್ ಖೈಮಾದ ಈ ಬೆಟ್ಟಗಳು ಬಹುಪಾಲು ಸುಣ್ಣಕಲ್ಲು. ಹತ್ತು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿದ್ದ ಬೆಚ್ಚನೆಯ ಸಮುದ್ರದ ತಳದಲ್ಲಿ ಚಿಪ್ಪು, ಹವಳ, ಕೆಸರು ಪದರ ಪದರವಾಗಿ ಕೂತು ಗಟ್ಟಿಯಾದದ್ದು. ಆಮೇಲೆ ಭೂಮಿಯ ಒತ್ತಡಕ್ಕೆ ಮಡಚಿ ಮೇಲೆದ್ದಿತು. ರಸ್ತೆಗಾಗಿ ಕತ್ತರಿಸಿದ ಬದಿಯಲ್ಲಿ ಆ ಪದರಗಳು ಜೋಡಿಸಿಟ್ಟ ಪುಸ್ತಕಗಳಂತೆ ಕಾಣುತ್ತವೆ. ಮಂಡ್ಯದ ಹುಡುಗ ಕಿಟಕಿಯಿಂದ ನೋಡುತ್ತ ಇದ್ದಕ್ಕಿದ್ದಂತೆ, “ಅಣ್ಣ, ಇದನ್ನೇ ಅಲ್ವಾ ನಾವು ದಿನಾ ಮಿಕ್ಸರ್‌ಗೆ ಹಾಕ್ತಿರೋದು?” ಎಂದ. ಹೌದು. ಈ ಎಮಿರೇಟಿನ ಕಲ್ಲುಕೋರೆಗಳ ಕಲ್ಲು ಪುಡಿಯಾಗಿ, ಸಿಮೆಂಟಾಗಿ, ಜಲ್ಲಿಯಾಗಿ ನಾವು ಕೆಲಸ ಮಾಡುವ ನಗರಗಳ ಗೋಡೆ ಸೇರಿದೆ. ಹಡಗೇರಿ ಭಾರತದ ಉಕ್ಕಿನ ಕಾರ್ಖಾನೆಗಳಿಗೂ ಹೋಗುತ್ತದೆ. ನಾವು ಬಂದ ದಿಕ್ಕಿಗೇ ಈ ಬೆಟ್ಟವೂ ಹೋಗುತ್ತಿದೆ ಎಂದು ತಿಳಿದು ಅಣ್ಣ ನಕ್ಕರು.

ಮುಲ್ಲಯ್ಯನಗಿರಿಯೂ ಜೈಸ್ ಬೆಟ್ಟವೂ

ಬುಡದಿಂದ ಮೇಲಕ್ಕೆ ಮೂವತ್ತು ಕಿಲೋಮೀಟರಿನಷ್ಟು ತಿರುವು. ರಸ್ತೆ ಅಗಲ, ಡಾಂಬರು ನುಣುಪು, ಬದಿಯಲ್ಲಿ ತಡೆಗೋಡೆ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಬೆಳೆದ ಸಿಸ್ಟರ್‌ಗೆ ಇದು ಏನೂ ಅನ್ನಿಸಲಿಲ್ಲ. ಎರಡನೇ ತಿರುವಿಗೇ ನಿದ್ದೆ ಹೋದರು. ಸೈಕಲ್ ಸವಾರರು ಸಾಲಾಗಿ ಏರುತ್ತಿದ್ದರು. ಯುಎಇ ಟೂರ್ ಸೈಕಲ್ ಸ್ಪರ್ಧೆ ಬಂದಾಗ ಇದೇ ಏರು ಸುದ್ದಿಯಾಗುತ್ತದೆ. ಒಂದು ತಿರುವಿನಲ್ಲಿ ಆಡುಗಳ ಹಿಂಡು ರಸ್ತೆಯ ಮಧ್ಯೆಯೇ ಕೂತಿತ್ತು. ಭಾಯಿ ಹಾರ್ನ್ ಹೊಡೆಯಲಿಲ್ಲ. ನಿಲ್ಲಿಸಿ ಕಾದರು. “ಅವುಗಳ ಮನೆ ಅಲ್ವಾ” ಎಂದರು.

ಸುಮಾರು 1,250 ಮೀಟರ್ ಎತ್ತರದ ವೀಕ್ಷಣಾ ಕಟ್ಟೆಯಲ್ಲಿ ಗಾಡಿ ನಿಲ್ಲಿಸಿದಾಗ ಸೂರ್ಯ ಬೆಟ್ಟದ ಅಂಚಿಗೆ ಬರುತ್ತಿದ್ದ. ಪಶ್ಚಿಮಕ್ಕೆ ನಾವು ಏರಿಬಂದ ರಸ್ತೆ ಬಿಚ್ಚಿಬಿದ್ದ ಪಟ್ಟಿಯ ಹಾಗೆ; ಅದರಾಚೆ ಮಂಜಿನಲ್ಲಿ ಕಡಲು. ಕೆಳಗೆ ಗಾಡಿಯ ಮೀಟರ್ 16 ಡಿಗ್ರಿ ತೋರಿಸಿತ್ತು, ಇಲ್ಲಿ 8. ಗಾಳಿ ಬೇರೆ. ಜುಲೈಯಲ್ಲಿ 48 ಡಿಗ್ರಿಯಲ್ಲಿ ಬೆವರುವವರು ಇಲ್ಲಿ ಕೈ ಉಜ್ಜಿಕೊಳ್ಳುತ್ತ ಹಲ್ಲು ಕಟಕಟಿಸುತ್ತ ನಿಂತೆವು. ಈ ಬೆಟ್ಟದ ಮೇಲೆ ಹಿಮವೂ ಬಿದ್ದದ್ದುಂಟು: 2009ರ ಜನವರಿಯಲ್ಲಿ, ಮತ್ತೆ 2017ರ ಫೆಬ್ರವರಿಯಲ್ಲಿ ತುದಿ ಬೆಳ್ಳಗಾಗಿತ್ತು.

ಇಲ್ಲಿ ಒಂದು ಜಗಳ ಎದ್ದಿತು. ಜೆಬೆಲ್ ಜೈಸ್‌ನ ಎತ್ತರ 1,934 ಮೀಟರ್ ಎಂದು ಹೇಳುತ್ತಾರೆ. ತುತ್ತತುದಿ ಒಮಾನ್ ಗಡಿಗೆ ಅಂಟಿಕೊಂಡಿದೆ, ರಸ್ತೆ ಅಲ್ಲಿಯವರೆಗೆ ಹೋಗುವುದಿಲ್ಲ. ಕರ್ನಾಟಕದ ಅತಿ ಎತ್ತರದ ಶಿಖರ ಮುಲ್ಲಯ್ಯನಗಿರಿ 1,930 ಮೀಟರ್. ಸಿಸ್ಟರ್ ಅವರ ಯಜಮಾನರಿಗೆ ಈ ನಾಲ್ಕು ಮೀಟರ್ ಸಹಿಸಲಾಗಲಿಲ್ಲ. “ನಮ್ಮ ಗಿರಿಯ ಮೇಲೆ ಗುಡಿ ಇದೆ. ಗುಡಿ ಸೇರಿಸಿದರೆ ನಮ್ಮದೇ ಎತ್ತರ” ಎಂದರು. ಬಿದ್ದು ಬಿದ್ದು ನಕ್ಕೆವು. ಆದರೆ ಆಮೇಲೆ ಯೋಚನೆಗೆ ಹತ್ತಿತು. ಒಂದೇ ಎತ್ತರದ ಎರಡು ಬೆಟ್ಟ. ಒಂದರ ಮೇಲೆ ತಿಂಗಳುಗಟ್ಟಲೆ ಸುರಿಯುವ ಮಳೆ, ಹುಲ್ಲು, ಶೋಲಾ ಕಾಡು, ಬುಡದಲ್ಲಿ ಕಾಫಿ. ಇನ್ನೊಂದರ ಮೇಲೆ ವರ್ಷಕ್ಕೆ ಕೆಲವೇ ದಿನದ ಮಳೆ, ಬರಿಯ ಕಲ್ಲು. ಎರಡರ ಮಧ್ಯೆ ಒಂದೇ ಅರಬ್ಬಿ ಸಮುದ್ರ. ಮುಂಗಾರಿನ ಗಾಳಿ ಆ ದಡಕ್ಕೆ ನೀರು ಹೊತ್ತು ಹೋಗುತ್ತದೆ. ಈ ದಡದವರು ಇದ್ದದ್ದರಲ್ಲೇ ಬದುಕಲು ಕಲಿತರು.

ರಸ್ತೆಯ ಮೇಲ್ಭಾಗದಲ್ಲಿ 2018ರಲ್ಲಿ ಶುರುವಾದ, ಜಗತ್ತಿನಲ್ಲೇ ಉದ್ದವೆಂದು ಗಿನ್ನೆಸ್ ದಾಖಲೆ ಪಡೆದ 2.83 ಕಿಲೋಮೀಟರಿನ ಜಿಪ್‌ಲೈನ್ ಇದೆ. 1,484 ಮೀಟರ್ ಎತ್ತರದಲ್ಲಿ ರೆಸ್ಟೋರೆಂಟ್ ಇದೆ. ಎತ್ತರವೇ ಅದರ ಹೆಸರು. ಇವೆಲ್ಲವನ್ನೂ ಹೊರಗಿನಿಂದಲೇ ನೋಡಿದೆವು. ನಮ್ಮ ಜೇಬಿಗೆ ಒಪ್ಪುವುದು ಇನ್ನೊಂದಿತ್ತು, ಅದಕ್ಕೆ ಟಿಕೆಟ್ ಇಲ್ಲ: ಕಾಲುದಾರಿ.

ಬೀಗದ ಮನೆ

ಕಾಲುದಾರಿ ಶುರುವಾಗುವ ಜಾಗ ಯಾವಾಗಲೂ ನಿರಾಸೆ ಹುಟ್ಟಿಸುವಂಥದ್ದೇ. ಒಂದು ಫಲಕ, ಗಾಡಿ ನಿಲ್ಲಿಸಲು ಸ್ವಲ್ಪ ಜಾಗ, ಒಂದು ಕಸದ ಡಬ್ಬಿ. ಅಲ್ಲಿಂದ ಮುಂದೆ ಕಲ್ಲುಗಳ ಮಧ್ಯೆ ಕಾಲು ಸವೆದ ಗೆರೆಯೊಂದು ಕಂಡೂ ಕಾಣದಂತೆ ಹೋಗುತ್ತದೆ. ಎಂಟು ಗಂಟೆಗೆ ಹೊರಟೆವು. ಎದುರಿನ ಏಣಿನ ಮೇಲೆ ನಿಂತರೆ ಬೆಟ್ಟದ ಎರಡೂ ಬದಿ ಕಾಣುತ್ತದೆ ಎಂದು ಅಂದಾಜು ಮಾಡಿದ್ದೆವು. ಅದೇ ಗುರಿ.

ಸುಣ್ಣಕಲ್ಲು ನೋಡಲು ನಯ, ಹಿಡಿದರೆ ಗರಗಸ. ಸಡಿಲ ಜಲ್ಲಿಯ ಮೇಲೆ ಕಾಲಿಟ್ಟರೆ ಜಾರುತ್ತದೆ. ಸೇಫ್ಟಿ ಶೂ ಹಾಕಿ ಬಂದ ಮಂಡ್ಯದ ಹುಡುಗನನ್ನು ಮೊದಲು ನಕ್ಕವರು ಅರ್ಧ ಗಂಟೆಯ ನಂತರ ಅವನ ಹೆಜ್ಜೆಯ ಮೇಲೆಯೇ ಹೆಜ್ಜೆ ಇಡುತ್ತಿದ್ದರು. ಪುತ್ತೂರಿನ ಅಣ್ಣ ನಿಧಾನ, ಆದರೆ ನಿಲ್ಲುತ್ತಿರಲಿಲ್ಲ. ಎಡಗಾಲಿನ ಮಂಡಿ ಅವರಿಗೆ ಮೊದಲಿನಿಂದಲೂ ತೊಂದರೆ. ಸಿಸ್ಟರ್ ಅವರ ಹಿಂದೆಯೇ ನಡೆಯುತ್ತಿದ್ದರು, ಏನೂ ಹೇಳದೆ ಆ ಕಾಲನ್ನೇ ನೋಡುತ್ತ.

ಒಂದೂವರೆ ಗಂಟೆ ನಡೆದ ಮೇಲೆ ಒಂದು ಪುಟ್ಟ ಸಮತಟ್ಟು ಸಿಕ್ಕಿತು. ಕಲ್ಲು ಜೋಡಿಸಿ ಕಟ್ಟಿದ ಗದ್ದೆಯ ಅಂಚು, ಅದರೊಳಗೆ ಮಣ್ಣು! ಇಷ್ಟು ಹೊತ್ತು ಕಲ್ಲನ್ನೇ ತುಳಿದು ಬಂದವರಿಗೆ ಮಣ್ಣು ಕಂಡು ಬೆರಗಾಯಿತು. ಮಳೆ ಬಂದಾಗ ಮೇಲಿನಿಂದ ಇಳಿಯುವ ನೀರನ್ನು ಈ ಅಂಚುಗಳು ತಡೆಯುತ್ತವೆ. ನೀರಿನೊಡನೆ ಬಂದ ಮಣ್ಣೂ ಅಲ್ಲೇ ನಿಲ್ಲುತ್ತದೆ. ಈ ಬೆಟ್ಟದ ಶಿಹ್ಹೂ ಮತ್ತು ಹಬೂಸ್ ಬುಡಕಟ್ಟಿನವರು ಇಂಥ ತುಂಡು ಹೊಲಗಳಲ್ಲಿ ಚಳಿಗಾಲದ ಮಳೆ ನಂಬಿ ಗೋಧಿ, ಬಾರ್ಲಿ ಬೆಳೆಯುತ್ತಿದ್ದರು.

ಹೊಲದ ಪಕ್ಕದಲ್ಲಿ ಒಂದು ಮನೆ. ಅರ್ಧ ನೆಲದೊಳಗೆ, ಅರ್ಧ ಮೇಲೆ. ದಪ್ಪ ಕಲ್ಲಿನ ಗೋಡೆ, ಬಗ್ಗಿ ನುಗ್ಗಬೇಕಾದಷ್ಟು ಗಿಡ್ಡ ಬಾಗಿಲು, ಕುಸಿದ ಸೂರು. ಇಂಥ ಮನೆಗೆ ಅರಬ್ಬಿಯಲ್ಲಿ ‘ಬೈತ್ ಅಲ್ ಖುಫ್ಲ್’ ಎನ್ನುತ್ತಾರೆ. ಹಾಗೆಂದರೆ ಬೀಗದ ಮನೆ. ಬೇಸಿಗೆಯಲ್ಲಿ ಇಲ್ಲಿ ನೀರಿಲ್ಲ, ಬೆಳೆಯಿಲ್ಲ. ಆಗ ಕುಟುಂಬಗಳು ಕಡಲ ತೀರಕ್ಕೆ ಇಳಿಯುತ್ತಿದ್ದವು, ಖರ್ಜೂರದ ಕೊಯ್ಲಿಗೆ, ಮೀನಿಗೆ. ಹೋಗುವಾಗ ಧಾನ್ಯವನ್ನೂ ಸಾಮಾನನ್ನೂ ಈ ಮನೆಯಲ್ಲಿಟ್ಟು ಮರದ ಬೀಗ ಹಾಕುತ್ತಿದ್ದರು. ಧಾನ್ಯದ ಹರವಿಗಳು ಎಷ್ಟು ದೊಡ್ಡವೆಂದರೆ ಬಾಗಿಲಿನಿಂದ ಒಯ್ಯಲಾಗುತ್ತಿರಲಿಲ್ಲ. ಮನೆ ಕಟ್ಟುವಾಗಲೇ ಒಳಗಿಟ್ಟು ಸುತ್ತ ಗೋಡೆ ಎಬ್ಬಿಸುತ್ತಿದ್ದರು. ಮಳೆಗಾಲಕ್ಕೆ ಮತ್ತೆ ಬಂದು ಬೀಗ ತೆಗೆಯುವುದು.

ಇದನ್ನೆಲ್ಲ ಕೇಳಿ ಅಣ್ಣ ಆ ಹೊಸ್ತಿಲ ಕಲ್ಲಿನ ಮೇಲೆ ಕೂತರು. ಸ್ವಲ್ಪ ಹೊತ್ತಿನ ಮೇಲೆ ಹೇಳಿದರು: “ನಮ್ಮ ಮನೆಗೂ ಬೀಗವೇ. ಅಮ್ಮ ಹೋಗಿ ಎಂಟು ವರ್ಷ ಆಯ್ತು. ಹೆಂಡತಿ ಮಕ್ಕಳು ಓದಿಗೋಸ್ಕರ ಮಂಗಳೂರಲ್ಲಿ ಬಾಡಿಗೆಗೆ. ಕೀ ಪಕ್ಕದ ಮನೆಯ ಅಕ್ಕನ ಹತ್ರ ಉಂಟು. ರಜೆಗೆ ಹೋದಾಗ ತೆಗ್ದು, ಗುಡಿಸಿ, ಪುನಃ ಹಾಕಿ ಬರುದು.” ಯಾರೂ ಮಾತಾಡಲಿಲ್ಲ. ಮಾತಾಡುವುದಕ್ಕೆ ಏನಿತ್ತು? ನಮ್ಮ ಏಳು ಮಂದಿಯಲ್ಲಿ ಮೂವರ ಊರಮನೆಗೆ ಬೀಗ ಬಿದ್ದಿದೆ.

ಇಪ್ಪತ್ತು ನಿಮಿಷದ ಜಗಳ

ಹತ್ತು ಗಂಟೆ ಇಪ್ಪತ್ತು ನಿಮಿಷ. ಏಣು ಅಲ್ಲೇ ಎದುರಿಗಿತ್ತು. ಇನ್ನು ಇಪ್ಪತ್ತು ನಿಮಿಷದ ಏರು ಅನ್ನಿಸುವಷ್ಟು ಹತ್ತಿರ. ಅಷ್ಟರಲ್ಲಿ ಗಾಳಿ ದಿಕ್ಕು ಬದಲಿಸಿತು. ಕಡಲ ಕಡೆಯಿಂದ ಮೋಡವೊಂದು ಬಂದು ಏಣಿನ ಮೇಲೆ ಕಂಬಳಿಯ ಹಾಗೆ ಕೂತಿತು. ನಾವು ನೋಡನೋಡುತ್ತಿದ್ದಂತೆ ಮೇಲಿನ ದಾರಿ ಮಾಯವಾಯಿತು.

ಭಾಯಿ ಗಡಿಯಾರ ತೋರಿಸಿದರು. ಅಣ್ಣ ಎದ್ದು ನಿಂತರು. “ಎಂತ ಮಾರಾಯ, ಇಲ್ಲಿವರೆಗೆ ಬಂದು ವಾಪಸ್ ಹೋಗುದಾ? ನೀವು ಮುಂದಿನ ವರ್ಷ ಬರ್ತೀರಿ. ನನಗೆ ಮುಂದಿನ ವರ್ಷ ಇಲ್ಲ.” ಮಂಡ್ಯದ ಹುಡುಗ, “ನಾನು ಕರ್ಕೊಂಡು ಹೋಗಿ ಬರ್ತೀನಿ ಬಿಡಿ, ನೀವು ಇಲ್ಲೇ ಇರಿ” ಎಂದ. ನಮ್ಮಲ್ಲಿ ಇಬ್ಬರಿಗೆ ಹೋಗಲಿ ಬಿಡಿ ಅನ್ನಿಸಿತು. ನಿಜ ಹೇಳಬೇಕೆಂದರೆ ಎಲ್ಲರಿಗೂ ಅನ್ನಿಸಿತ್ತು. ಇಪ್ಪತ್ತಾರು ವರ್ಷಕ್ಕೆ ಇಪ್ಪತ್ತು ನಿಮಿಷ ಕೊಡಲಾಗದೆ?

ಆಗ ಸಿಸ್ಟರ್ ಬಾಯಿಬಿಟ್ಟರು. “ಅಣ್ಣ, ಹತ್ತಿ ಬಿಡ್ತೀರಿ, ನನಗೆ ಗೊತ್ತು. ಇಳಿಯೋದು ಹೇಗೆ? ಅರ್ಧ ಗಂಟೆಯಿಂದ ನೀವು ಆ ಕಾಲಿನ ಮೇಲೆ ಭಾರ ಹಾಕ್ತಿಲ್ಲ. ಮಂಜಿನಲ್ಲಿ ಕಾಲು ಜಾರಿದರೆ ನಿಮ್ಮನ್ನು ಹೊತ್ತು ತರೋದು ಈ ಹುಡುಗ ಒಬ್ಬನೇ. ಮಾರ್ಚಿನಲ್ಲಿ ನೀವು ನಡ್ಕೊಂಡು ವಿಮಾನ ಹತ್ತಬೇಕು, ವೀಲ್‌ಚೇರಿನಲ್ಲಿ ಅಲ್ಲ. ನಾನು ‘ಸಾಕು’ ಅಂತಿದೀನಿ.”

ಒಪ್ಪಂದ ಒಪ್ಪಂದವೇ. ಹಿಂದಿರುಗಿದೆವು. ಇಳಿಯುವಾಗ ಅಣ್ಣ ಯಾರೊಡನೆಯೂ ಮಾತಾಡಲಿಲ್ಲ. ಮಂಡಿ ನಿಜಕ್ಕೂ ಕೈಕೊಟ್ಟಿತ್ತು. ಕೊನೆಯ ಅರ್ಧ ದಾರಿ ಧಾರವಾಡದವರ ಹೆಗಲು ಹಿಡಿದೇ ಬಂದರು. ಏರುವಾಗ ಒಂದೂವರೆ ಗಂಟೆ ಹಿಡಿದ ದಾರಿ ಇಳಿಯುವಾಗ ಸುಮಾರು ಎರಡು ಗಂಟೆ ತೆಗೆದುಕೊಂಡಿತು. ಏಣಿಗೆ ಹೋಗಿದ್ದರೆ ಏನಾಗುತ್ತಿತ್ತೆಂದು ಗಾಡಿ ತಲುಪಿದಾಗ ಯಾರೂ ಹೇಳಬೇಕಾಗಿರಲಿಲ್ಲ.

ಕಪ್ಪು ಬೆಟ್ಟ, ಬನ್ನಿ ಮರ

ಊಟಕ್ಕೆ ನಾವು ಗೊತ್ತುಮಾಡಿದ್ದ ಜಾಗ ಶೌಕಾ ಅಣೆಕಟ್ಟು. ರಾಸ್ ಅಲ್ ಖೈಮಾ ಎಮಿರೇಟಿನ ದಕ್ಷಿಣ ಭಾಗದ್ದು. ಬೆಟ್ಟ ಇಳಿದು ಒಂದು ಗಂಟೆಗೂ ಹೆಚ್ಚಿನ ದಾರಿ. ದಾರಿಯ ಬಯಲಿನಲ್ಲಿ ಅಲ್ಲಲ್ಲಿ ಗಾಫ್ ಮರಗಳು. ಈ ದೇಶದ ರಾಷ್ಟ್ರೀಯ ಮರ ಗಾಫ್ ಬೇರೆ ಯಾವುದೂ ಅಲ್ಲ, ನಮ್ಮ ಬನ್ನಿಯೇ. ದಸರೆಗೆ ಎಲೆ ಕೊಟ್ಟು ‘ಬಂಗಾರ’ ಎಂದು ಹಂಚುವ ಅದೇ ಮರ. ಇದನ್ನು ಕೇಳಿ ಧಾರವಾಡದವರು ಗಾಡಿ ನಿಲ್ಲಿಸಿಸಿದರು. ಎಲೆ ಕೀಳಲಿಲ್ಲ, ಮರ ಮುಟ್ಟಿ ಕೈ ಮುಗಿದು ಬಂದರು. “ಹನ್ನೊಂದು ವರ್ಷ ಆತ್ರಿ, ದಸರಾಕ್ಕ ಊರಿಗೆ ಹೋಗಿಲ್ಲ” ಎಂದರು.

ಶೌಕಾ ಹತ್ತಿರವಾದಂತೆ ಬೆಟ್ಟದ ಬಣ್ಣವೇ ಬೇರೆ. ಬೂದು ಸುಣ್ಣಕಲ್ಲು ಹೋಗಿ ಸುಟ್ಟ ಇಟ್ಟಿಗೆಯ ಹಾಗೆ, ಕಬ್ಬಿಣದ ಹಾಗೆ ಕಪ್ಪುಕಂದು. ಇದು ಸಮುದ್ರದ ತಳದ ಮೇಲಿನ ಕೆಸರಲ್ಲ, ತಳವೇ. ಸುಮಾರು 9.5 ಕೋಟಿ ವರ್ಷಗಳ ಹಿಂದೆ ಸಾಗರದ ಅಡಿಯಲ್ಲಿ ಲಾವಾರಸದಿಂದ ಹುಟ್ಟಿದ ನೆಲ, ಅದರ ಕೆಳಗಿನ ಭೂಗರ್ಭದ ಕಲ್ಲು ಸಮೇತ, ಅರೇಬಿಯಾದ ಅಂಚಿನ ಮೇಲೆ ಬಂದು ಕೂತಿದೆ. ಇಷ್ಟು ದೊಡ್ಡ ಪ್ರಮಾಣದಲ್ಲಿ ಸಾಗರತಳ ನೆಲದ ಮೇಲೆ ಕಾಣಸಿಗುವ ಜಾಗಗಳು ಪ್ರಪಂಚದಲ್ಲಿ ಬಹಳ ಕಡಿಮೆ. ಅದಕ್ಕೇ ಒಮಾನ್ ಮತ್ತು ಯುಎಇಯ ಈ ಬೆಟ್ಟಗಳನ್ನು ನೋಡಲು ಭೂವಿಜ್ಞಾನಿಗಳು ದೂರದ ದೇಶಗಳಿಂದ ಬರುತ್ತಾರೆ. ನಾವು ಒಂದು ಗಂಟೆಯ ದೂರದಲ್ಲಿದ್ದೂ ನೋಡಿರಲಿಲ್ಲ.

ಅಣೆಕಟ್ಟಿನ ಹಿಂದೆ ಸ್ವಲ್ಪ ನೀರು ನಿಂತಿತ್ತು. ಮಕ್ಕಳು ಕಲ್ಲು ಎಸೆಯುತ್ತಿದ್ದರು. ಕಟ್ಟೆಯ ಪಕ್ಕ ಚಾಪೆ ಹಾಸಿ ಚಿತ್ರಾನ್ನ ಬಿಚ್ಚಿದೆವು. ಭಾಯಿ ಜುಹರ್ ನಮಾಜ್ ಮುಗಿಸಿ ಬಂದ ಮೇಲೆ ಅವರ ಪಾಲನ್ನು ತಟ್ಟೆಗೆ ಹಾಕುತ್ತ ಅಣ್ಣ ಮೊದಲ ಬಾರಿ ಮಾತಾಡಿದರು: “ನಿಮ್ಮ ಆ ನಿಯಮ ಎಲ್ಲಿಂದ ಬಂತು ಭಾಯಿ?”

ಎಲ್ಲಿಂದ ಎಂದು ಈಗ ಹೇಳಬಹುದು. ಮೂರು ಚಳಿಗಾಲದ ಹಿಂದೆ, ಅಣ್ಣ ಇಲ್ಲದ ಒಂದು ಪ್ರವಾಸದಲ್ಲಿ, ನಾವು ಒಂದು ವಾದಿಯ ಅಂಚಿಗೆ ಬಂದು ನಿಂತಿದ್ದೆವು. ವಾದಿ ಎಂದರೆ ವರ್ಷವಿಡೀ ಒಣಗಿರುವ ಹೊಳೆಪಾತ್ರ. ನಮ್ಮ ತಲೆಯ ಮೇಲೆ ಬಿಸಿಲು. ದೂರದ ಬೆಟ್ಟದ ಮೇಲೆ ಮಾತ್ರ ಕಪ್ಪು ಮೋಡ. ರಸ್ತೆಯ ಮೇಲೆ ಮೊಣಕಾಲಿಗಿಂತ ಕಡಿಮೆ ನೀರು ಹರಿಯುತ್ತಿತ್ತು. ನಮ್ಮಲ್ಲೇ ಒಬ್ಬರು, “ಇಷ್ಟೇ ನೀರಿಗೆ ಹೆದರೋದಾ, ನೇತ್ರಾವತಿ ನೋಡಿದವರು ನಾವು” ಎಂದರು. ಭಾಯಿ ಗೇರು ಹಾಕಿದ್ದರು. ಆಚೆ ದಡದಲ್ಲಿದ್ದ ಒಬ್ಬ ವಯಸ್ಸಾದ ಸ್ಥಳೀಯರು ಎರಡೂ ಕೈ ಎತ್ತಿ ಕೂಗತೊಡಗಿದರು. ಅವರ ಮಾತು ಕೇಳಿಸಲಿಲ್ಲ, ಕೈ ಕಾಣಿಸಿತು. ನಿಲ್ಲಿಸಿದೆವು. ಹತ್ತು ನಿಮಿಷವೂ ಆಗಿರಲಿಲ್ಲ, ಕಲ್ಲುಗಳು ಉರುಳುವ ಸದ್ದಿನೊಡನೆ ಕೆಂಪು ನೀರು ಬಂತು. ನಾವು ದಾಟಬೇಕೆಂದಿದ್ದ ಜಾಗದಲ್ಲಿ ಆಮೇಲೆ ರಸ್ತೆ ಎಲ್ಲಿದೆಯೆಂದೇ ತಿಳಿಯುತ್ತಿರಲಿಲ್ಲ. ಆವತ್ತು ರಾತ್ರಿ ಮನೆಗೆ ಫೋನ್ ಮಾಡಿದಾಗ ಯಾರೂ ಇದನ್ನು ಹೇಳಲಿಲ್ಲ. ಈಗ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಊರಿನ ಹೊಳೆಗೂ ಇಲ್ಲಿಯ ವಾದಿಗೂ ಇರುವ ವ್ಯತ್ಯಾಸ ಇದು. ನಮ್ಮಲ್ಲಿ ಕಾಡು, ಮಣ್ಣು ನೀರನ್ನು ಹೀರಿಕೊಂಡು ನಿಧಾನ ಬಿಡುತ್ತವೆ. ಹೊಳೆ ಏರುವುದು ಕಣ್ಣಿಗೆ ಕಾಣುತ್ತದೆ. ಇಲ್ಲಿ ಬರಿಯ ಕಲ್ಲು. ಎಲ್ಲೋ ಬಿದ್ದ ಮಳೆ ಹನಿಯೂ ಹೀರದೆ ಒಟ್ಟಾಗಿ ಒಮ್ಮೆಗೇ ಇಳಿಯುತ್ತದೆ. ಸಣ್ಣ ಕಾರನ್ನು ತೇಲಿಸಲು ಒಂದಡಿ ನೀರು ಸಾಕು. 2024ರ ಏಪ್ರಿಲ್ 16ರ ಮಳೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಣ್ಣ ಕೇಳಿ, ತಟ್ಟೆಯ ಕೊನೆಯ ತುತ್ತು ಮುಗಿಸಿ, ಸಿಸ್ಟರ್ ಕಡೆ ತಿರುಗಿ, “ಸ್ವಲ್ಪ ಮೊಸರನ್ನ ಹಾಕು ಮಗಾ” ಎಂದರು. ಜಗಳ ಅಲ್ಲಿಗೆ ಮುಗಿಯಿತು.

ಮೊದಲ ಸಲ ಹೋಗುವವರಿಗೆ

ಓದುಗ ಮಿತ್ರರಲ್ಲಿ ಅನೇಕರು ಇನ್ನೂ ಹೋಗಿರಲಿಕ್ಕಿಲ್ಲ. ಅವರಿಗಾಗಿ ನಾವು ಕಲಿತ ನಾಲ್ಕು ಮಾತು. ನವೆಂಬರ್ ಕೊನೆಯಿಂದ ಮಾರ್ಚ್ ಮೊದಲ ವಾರದವರೆಗೆ ಒಳ್ಳೆಯ ಕಾಲ. ಹಿಂದಿನ ರಾತ್ರಿಯೂ ಹೊರಡುವ ಬೆಳಿಗ್ಗೆಯೂ ರಾಷ್ಟ್ರೀಯ ಹವಾಮಾನ ಕೇಂದ್ರದ ಮುನ್ಸೂಚನೆ ನೋಡಿ. ಮಳೆಯ ಎಚ್ಚರಿಕೆ ಇದ್ದರೆ ಬೆಟ್ಟ ಬಿಡಿ, ಕಡಲ ತೀರಕ್ಕೆ ಹೋಗಿ. ನೀರು ಹರಿಯುವ ವಾದಿಗೆ ಗಾಡಿ ಇಳಿಸಿದರೆ ಇಲ್ಲಿಯ ಕಾನೂನಿನ ಪ್ರಕಾರ 2,000 ದಿರ್ಹಮ್ ದಂಡ, 23 ಬ್ಲ್ಯಾಕ್ ಪಾಯಿಂಟ್, ಗಾಡಿ 60 ದಿನ ಜಪ್ತಿ. ನಿಮ್ಮ ಹೊಟ್ಟೆಪಾಡು ಲೈಸೆನ್ಸಿನ ಮೇಲಿದ್ದರೆ ಇದನ್ನು ಎರಡು ಸಲ ಓದಿ.

ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿಯಬೇಡಿ. ಆಟೊಮ್ಯಾಟಿಕ್ ಗಾಡಿಯಾದರೂ ಗೇರನ್ನು ಕೆಳಗಿಳಿಸಿ ಎಂಜಿನ್ ಹಿಡಿತದಲ್ಲಿ ಬನ್ನಿ. ಸುಟ್ಟ ವಾಸನೆ ಬಂದರೆ ಬದಿಗೆ ನಿಲ್ಲಿಸಿ ಬ್ರೇಕ್ ಆರಲು ಬಿಡಿ. ನಡೆಯಲು ಚಪ್ಪಲಿ ಬೇಡ, ಹಿಡಿತವಿರುವ ಶೂ ಬೇಕು. ಅರ್ಧ ದಿನದ ನಡಿಗೆಗೆ ತಲೆಗೆ ಮೂರು ಲೀಟರ್ ನೀರು. ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಹೋಗುತ್ತದೆ. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಕೋಣೆಯಲ್ಲಿ ಉಳಿದ ಒಬ್ಬರಿಗಾದರೂ ಹೇಳಿ ಹೋಗಿ. ಅಪಾಯವಾದರೆ ಪೊಲೀಸ್ 999, ಆಂಬುಲೆನ್ಸ್ 998. ವಾದಿ ಘಲೀಲಾದಲ್ಲಿ ‘ಸ್ವರ್ಗದ ಮೆಟ್ಟಿಲು’ ಎಂದು ಹೆಸರಾದ ಹಳೆಯ ದಾರಿಯೊಂದಿದೆ. ಫೋಟೊ ನೋಡಿ ಆಸೆಪಟ್ಟು ಹೋದವರನ್ನು ಹೆಲಿಕಾಪ್ಟರಿನಲ್ಲಿ ತಂದ ಸುದ್ದಿ ಹಲವು ಸಲ ಬಂದಿದೆ. ಮೊದಲ ನಡಿಗೆಗೆ ಅದಲ್ಲ. ಶೌಕಾದಂಥ, ಹತ್ತ್ತಾದಂಥ ಗುರುತು ಹಾಕಿದ ದಾರಿಗಳಿವೆ. ಮತ್ತೆ, ತಂದ ಕಸವನ್ನು ವಾಪಸ್ ತನ್ನಿ. ಕಲ್ಲಿನ ಮೇಲೆ ಬಿದ್ದ ಪ್ಲಾಸ್ಟಿಕ್ ಆಡುಗಳ ಹೊಟ್ಟೆಗೆ ಹೋಗುತ್ತದೆ.

ಖರ್ಚು? ಪೆಟ್ರೋಲ್, ಚಹಾ ಎಲ್ಲ ಸೇರಿ ತಲೆಗೆ ಮೂವತ್ತು ದಿರ್ಹಮ್ ದಾಟಲಿಲ್ಲ.

ಬೀಗ

ಸಂಜೆ ಆರೂವರೆಗೆ ರೋಲಾದಲ್ಲಿ ಇಳಿದೆವು. ಸಿಸ್ಟರ್‌ಗೆ ಆ ರಾತ್ರಿಯೂ ಪಾಳಿ. ಮಂಡ್ಯದ ಹುಡುಗನ ಬಟ್ಟೆ ಒಗೆದಿರಲಿಲ್ಲ. ಅಣ್ಣ ಇಳಿಯುವಾಗ ಜೇಬಿನಿಂದ ಒಂದು ಕಲ್ಲು ತೆಗೆದು ತೋರಿಸಿದರು. ಬೀಗದ ಮನೆಯ ಅಂಗಳದ್ದಲ್ಲ, ರಸ್ತೆ ಬದಿಯಲ್ಲಿ ಬಿದ್ದಿದ್ದ ಸುಣ್ಣಕಲ್ಲಿನ ಚೂರು. “ಆ ಮನೆಯದ್ದು ಮುಟ್ಲಿಕ್ಕೆ ಮನಸ್ಸು ಬರ್ಲಿಲ್ಲ” ಎಂದರು.

ಮಾರ್ಚಿನಲ್ಲಿ ಅವರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದೆವು. ನಡೆದುಕೊಂಡೇ ಒಳಗೆ ಹೋದರು. ಒಂದು ವಾರದ ನಂತರ ಗುಂಪಿಗೆ ಅವರ ಧ್ವನಿ ಸಂದೇಶ ಬಂತು. ಪಕ್ಕದ ಮನೆಯ ಅಕ್ಕ ಕೀ ಜೋಪಾನವಾಗಿ ಇಟ್ಟಿದ್ದರಂತೆ. ಆದರೆ ಬೀಗ ತುಕ್ಕು ಹಿಡಿದು ತಿರುಗಲಿಲ್ಲವಂತೆ. ಎಣ್ಣೆ ಬಿಟ್ಟು ನೋಡಿ, ತಟ್ಟಿ ನೋಡಿ, ಕೊನೆಗೆ ಒಡೆದೇ ಒಳಗೆ ಹೋದರಂತೆ. “ಹೊಸ ಬೀಗ ತರ್ಲಿಲ್ಲ” ಎಂದು ಸಂದೇಶ ಮುಗಿದಿತ್ತು.

ಆ ಏಣು ಇನ್ನೂ ಅಲ್ಲೇ ಇದೆ. ಈ ಡಿಸೆಂಬರಿನಲ್ಲಿ ಮತ್ತೆ ಹೋಗುವವರಿದ್ದೇವೆ, ಒಂದು ಸೀಟು ಖಾಲಿಯಿದೆ. ಬರುವವರು ಸೇಫ್ಟಿ ಶೂ ತನ್ನಿ, ನೀರು ತನ್ನಿ. ‘ಸಾಕು’ ಎಂದರೆ ಹಿಂದಿರುಗುವ ಮನಸ್ಸನ್ನೂ ತನ್ನಿ.